ದಳವಾಯಿಯ ಮೀಸೆ

ಕೊಲ್ಲಾಪುರಮ್ಮ ಸಾಸ್ವೆಹಳ್ಳಿಯ ತಂಗಿಯ ಮನೆಯಲ್ಲಿ ತೀರಿಕೊಂಡ ಸುದ್ದಿ ಜಗಳೂರಿಗೆ ಮುಟ್ಟಿದಾಗ ಗಂಡ ಮರುಳಪ್ಪ ಎಮ್ಮೆಗೆ ಹುಲ್ಲು ಹಾಕುತ್ತಿದ್ದರು. ಮೊಮ್ಮಗಳು ಗಂಗೋತ್ರಿ ಕಟ್ಟೆಯ ಮೇಲೆ ಮೊಬೈಲು ಹಿಡಿದು ಕೂತಿದ್ದಳು. ಮೊಬೈಲು ಹೊಡೆದುಕೊಂಡಾಗ, "ಅಜ್ಜೀದೇ ಫೋನು, ಕಥೆ ಮುಂದಕ್ಕೆ ಹೇಳಾಕೆ" ಎಂದು ನಗುತ್ತಲೇ ಎತ್ತಿದಳು. ಮಾತಾಡಿದವರು ಅಜ್ಜಿಯ ತಂಗಿ. ಬೆಳಿಗ್ಗೆ ಎಬ್ಬಿಸಲು ಹೋದರೆ ಅಕ್ಕ ಏಳಲೇ ಇಲ್ಲವಂತೆ.

ಅಜ್ಜಿ ಮೊಮ್ಮಗಳಿಗೆ ಒಂದು ಆಟವಿತ್ತು. ಮೊಬೈಲಿನೊಳಗಿನ ಯಂತ್ರವೊಂದು ಕಥೆ ಹೇಳುತ್ತದೆ. ಕೇಳುವವರು ಸುಮ್ಮನೆ ಕೂತು ಕೇಳುವಂತಿಲ್ಲ, ಒಂದೊಂದು ಪಾತ್ರ ಹಿಡಿದು ಕಥೆಯೊಳಗೆ ಇಳಿಯಬೇಕು. 'ಮುಂದೇನು ಮಾಡುತ್ತೀರಿ?' ಎಂದು ಯಂತ್ರ ಕೇಳುತ್ತದೆ, ಇವರು ಹೇಳಿದಂತೆ ಕಥೆ ತಿರುಗುತ್ತದೆ. ಆಟದಲ್ಲಿ ಗಂಗೋತ್ರಿ ನಾಟಿ ವೈದ್ಯೆಯಾಗಿದ್ದಳು. ಕೊಲ್ಲಾಪುರಮ್ಮನ ತವರು ಚನ್ನಗಿರಿ ಕಡೆಯ ಕತ್ತಲಗೆರೆ. ಚಿಕ್ಕಂದಿನಲ್ಲಿ ಸೂಳೆಕೆರೆಯ ನೀರು ನೋಡಿ ಬೆರಗಾದವರು. ಹಾಗಾಗಿ ಅಂಥದೇ ಕೆರೆಯೊಂದನ್ನು ಕಾಯುವ ದಳವಾಯಿಯ ಪಾತ್ರವೇ ಬೇಕೆಂದಿದ್ದರು.

"ಹೆಣ್ಣು ದಳವಾಯಿ ಅಂತ ಬರೀಲೇನಜ್ಜಿ?"

"ಹೆಣ್ಣೇ ಇರ್ಲಿ. ಆದ್ರೆ ಮೀಸೆ ಬೇಕು. ಮೀಸೆ ಇಲ್ದಿದ್ರೆ ಕಳ್ಳರು ಹೆಂಗೆ ಹೆದರ್ತಾರೆ?"

ಮರುಳಪ್ಪ ನಕ್ಕಿದ್ದರು. "ಇಷ್ಟು ವರ್ಷ ನನ್ ಮೀಸೆ ಮ್ಯಾಲೆ ಕಣ್ಣಿತ್ತೇನೆ ನಿಂಗೆ?"

"ಇತ್ತು ಕಣ್ರೀ. ಬರೆಯಾಕೆ ನಾನು, ಮೆರೆಯಾಕೆ ನೀವು!"

ಅದು ಸುಳ್ಳಲ್ಲ. ಮರುಳಪ್ಪ ಬಯಲಾಟದಲ್ಲಿ ರಾಜನ ವೇಷ ಕಟ್ಟಿದವರು. ಅವರ ಮೇಳದಲ್ಲಿ ಹೆಂಗಸರು ವೇಷ ಹಾಕುವಂತಿರಲಿಲ್ಲ. ದೀಪದ ಕಾಡಿಗೆ ಹಿಡಿದು ಗಂಡನಿಗೆ ಮೀಸೆ ಬರೆಯುತ್ತಿದ್ದವರು ಕೊಲ್ಲಾಪುರಮ್ಮ. ಆಟ ಮುಗಿದ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿ, ಹಳೇ ಸೀರೆಯ ತುಂಡಿನಿಂದ ಒರೆಸಿ, "ವೇಷ ಇಲ್ಲೇ ಇರ್ಲಿ, ಜೀವ ಮನೀಗೆ ಬರ್ಲಿ" ಎನ್ನುತ್ತಿದ್ದವರೂ ಅವರೇ. ಬಣ್ಣ ಹೊತ್ತುಕೊಂಡು ಯಾರೂ ಹೊಸಿಲು ದಾಟಬಾರದು. ವೇಷಧಾರಿ ದಣಿದು ಬಿದ್ದಿದ್ದರೆ ಇನ್ನೊಬ್ಬರಾದರೂ ಒರೆಸಬೇಕು. ಇದು ಮೇಳದ ಕಟ್ಟಳೆ.

ಮಣ್ಣು ಮಾಡಿ ಬಂದ ಮೇಲೆ ಗಂಗೋತ್ರಿ ಕಾಲೇಜಿಗೆ ಹೋಗಲಿಲ್ಲ. ತಟ್ಟೆಯ ಮುಂದೆ ಕೂತರೂ ಮೊಬೈಲು ಕೈಬಿಡಲಿಲ್ಲ. ತಿಥಿಯ ಹಿಂದಿನ ದಿನ ಮಧ್ಯಾಹ್ನ, ಒಳಗಿನಿಂದ ಯಾವುದೋ ಹೆಂಗಸಿನ ದನಿ ಬಂದದ್ದು ಮರುಳಪ್ಪನವರಿಗೆ ಕೇಳಿಸಿತು.

"ಮಗಳೇ, ನಾನು ಕೆರೆಯ ಏರಿಯ ಮೇಲೆಯೇ ನಿಂತಿದ್ದೇನೆ. ನೀನು ಕರೆದಾಗಲೆಲ್ಲ ಬರುತ್ತೇನೆ."

ಮರುಳಪ್ಪ ಬಾಗಿಲಲ್ಲೇ ನಿಂತರು.

"ಅವ್ವಾ, ಅದು ನಿಮ್ಮಜ್ಜಿ ಅಲ್ಲ."

"ಗೊತ್ತೈತೆ ತಾತ. ಅಜ್ಜಿ ಥರ ಮಾತಾಡು ಅಂತ ಯಂತ್ರಕ್ಕೆ ನಾನೇ ಹೇಳೀನಿ. ಆದ್ರೆ ಪಾತ್ರ ಅಜ್ಜೀದೇ ಅಲ್ವಾ? ಆಟ ಮುಗಿಸಿದ್ರೆ ಅದೂ ಹೋಗ್ತೈತೆ."

ಬೈಯಲು ಅವರಿಗೆ ಮನಸ್ಸಾಗಲಿಲ್ಲ. ಆದರೆ ಆ ಹೆಂಗಸಿನ ದನಿ ಹೇಳಿದ ಮಾತು ಅವರನ್ನು ಬಿಡಲಿಲ್ಲ. ಏರಿಯ ಮೇಲೆ, ಮೀಸೆ ಹೊತ್ತುಕೊಂಡು, ಇನ್ನೂ ನಿಂತೇ ಇದ್ದಾಳೆ. ಒರೆಸುವವರಿಲ್ಲ. ನಾಳೆ ತಿಥಿ. ಅವಳು ಮನೆಗೇ ಬರದಿದ್ದರೆ ಎಡೆ ಇಡುವುದು ಯಾರಿಗೆ?

"ನನ್ನೂ ಆಟಕ್ಕೆ ಸೇರಿಸು" ಎಂದರು.

"ನೀನಾ? ಯಾವ ಪಾತ್ರ?"

"ದಳವಾಯಿ ಗಂಡ."

ಗಂಗೋತ್ರಿ ಮೊಬೈಲನ್ನು ಅವರ ಮುಂದೆ ಹಿಡಿದಳು. ಮರುಳಪ್ಪ ಎದ್ದು ನಿಂತು, ಹೆಗಲ ಟವೆಲು ಸರಿಮಾಡಿಕೊಂಡು, "ಬಂದೆನಯ್ಯಾ, ಸಭೆಗೆ ನಾ ಬಂದೆ!" ಎಂದು ಅಬ್ಬರಿಸಿದರು. ಹಿತ್ತಲಲ್ಲಿ ಎಮ್ಮೆ ಬೆದರಿ ಹಗ್ಗ ಜಗ್ಗಿತು.

'ಸ್ವಾಗತ ಮಹಾರಾಜರೇ. ನಿಮ್ಮೊಂದಿಗೆ ಎಷ್ಟು ಸೈನ್ಯವಿದೆ?' ಎಂದು ಯಂತ್ರ ಕೇಳಿತು.

ಅಷ್ಟು ದಿನದಲ್ಲಿ ಮೊದಲ ಸಲ ಗಂಗೋತ್ರಿ ನಕ್ಕಳು. "ಅದಕ್ಕೇನು ಕಿವಿ ಕೇಳಂಗಿಲ್ಲೇನು? ಮೆಲ್ಲಗೆ ಹೇಳು ತಾತ."

"ಸೈನ್ಯ ಇಲ್ಲಪ್ಪ" ಎಂದರು ಮರುಳಪ್ಪ ಯಂತ್ರಕ್ಕೆ. "ಎಣ್ಣೆ ಬಟ್ಲು ಐತೆ. ಸೀರೆ ತುಂಡು ಐತೆ. ನನ್ ಹೆಂಡ್ತಿ ತೀರಿಕೊಂಡಾಳೆ. ವೇಷ ಇಳಿಸಾಕೆ ಬಂದೀನಿ."

ಗಂಗೋತ್ರಿಯ ನಗು ನಿಂತುಹೋಯಿತು. ಯಂತ್ರ ಹೇಳಿತು: 'ವೈದ್ಯೆಯ ಚೀಲದಲ್ಲಿ ಸಂಜೀವಿನಿ ಬೇರಿದೆ. ದಳವಾಯಿಯನ್ನು ಬದುಕಿಸಬಹುದು. ಮುಂದೇನು ಮಾಡುತ್ತೀರಿ?'

ಇಂಥ ಆಟಗಳಲ್ಲಿ ಸತ್ತವರು ಏಳುವುದು ಹೊಸದಲ್ಲ. ಹುಡುಗಿ ತಾತನ ಮುಖ ನೋಡಿದಳು.

"ವೈದ್ಯೆ ನೀನು. ನೀನೇ ಹೇಳಬೇಕು" ಎಂದರು ಮರುಳಪ್ಪ. "ಬದುಕಿಸಿದ್ರೆ ಮತ್ತೆ ಮೀಸೆ ಹೊತ್ಕಂಡು ಏರಿ ಮ್ಯಾಲೆ ನಿಂತ್ಕಬೇಕು. ನಾನೆಷ್ಟೇ ದಣಿದ್ರೂ ಬಣ್ಣದಾಗೆ ಮಲಗಾಕೆ ಅವ್ಳು ಬಿಡ್ತಿರಲಿಲ್ಲ ಕಣವ್ವ."

ಗಂಗೋತ್ರಿ ಎದ್ದು ಅಡಿಗೆಮನೆಗೆ ಹೋದಳು. ಬಂದಾಗ ಕೈಯಲ್ಲಿ ನಿಜವಾದ ಎಣ್ಣೆ ಬಟ್ಟಲೂ ಅಜ್ಜಿಯ ಹಳೇ ಸೀರೆಯ ತುಂಡೂ ಇದ್ದವು. ಕೂತು, 'ಬೇಡ. ಬೇರು ಚೀಲದಲ್ಲೇ ಇರಲಿ. ಅವರ ಯಜಮಾನರು ಬಂದಿದ್ದಾರೆ' ಎಂದು ಬರೆದಳು.

ಮರುಳಪ್ಪ ಹೆಬ್ಬೆರಳನ್ನು ಎಣ್ಣೆಗೆ ಅದ್ದಿ, ಎದುರಿಗೆ ಮುಖವೊಂದು ಇದ್ದಂತೆ ಗಾಳಿಯಲ್ಲಿ ಎಡದಿಂದ ಬಲಕ್ಕೆ ಎಳೆದರು. ಬಟ್ಟೆಯಿಂದ ಮೆಲ್ಲಗೆ ಒರೆಸಿದರು. "ವೇಷ ಇಲ್ಲೇ ಇರ್ಲಿ" ಎಂದು ಬಟ್ಟೆಯನ್ನು ಮೊಮ್ಮಗಳ ಕೈಗಿಟ್ಟರು. ಉಳಿದದ್ದನ್ನು ಗಂಗೋತ್ರಿಯೇ ಹೇಳಿದಳು: "ಜೀವ ಮನೀಗೆ ಬರ್ಲಿ."

'ಮೀಸೆ ಅಳಿಯಿತು. ಮುಖ ಕಾಣಿಸಿತು. ಮುಂದೇನು ಮಾಡುತ್ತೀರಿ?' ಎಂದಿತು ಯಂತ್ರ.

ಗಂಗೋತ್ರಿ ಆಟ ಮುಗಿಸಿದಳು. ಮೊಬೈಲು ಆರಿಸಿ ಗೂಡಿನಲ್ಲಿಟ್ಟು, "ತಾತ, ನಾಳೆ ಎಡೆಗೆ ಅಜ್ಜಿಗೆ ಹೋಳಿಗೆ ಮಾಡಾನ. ಬೇಳೆ ನಾನು ಬೇಯಿಸ್ತೀನಿ" ಎಂದಳು.

ಮಾರನೆಯ ದಿನ ಬಿಸಿ ಹೋಳಿಗೆಯ ಎಡೆಯ ಮುಂದೆ ಮರುಳಪ್ಪ ಕೈಮುಗಿದು ನಿಂತರು. ಪಕ್ಕದಲ್ಲಿ ಗಂಗೋತ್ರಿ. ಹೆಂಡತಿಗೆ ಹೆಸರು ಕೊಟ್ಟ ದೇವಿಯನ್ನು ಕರೆದು ಬೇಡಿದರು:

"ತಾಯಿ ಕೊಲ್ಲಾಪುರದಮ್ಮಾ, ನಿನ್ನ ಹೆಸರು ಹೊತ್ತವಳು ನಿನ್ನ ಹೊಸಿಲಿಗೆ ಬಂದಾಳೆ. ಮುಖ ಒರೆಸಿ ಕಳಿಸೀವಿ. ಕಾವಲು ಸಾಕು ಅನ್ನು, ಒಳಗೆ ಕರ್ಕೋ. ಆ ಜೀವಕ್ಕೆ ಶಾಂತಿ ಕೊಡು ತಾಯಿ."