ಟ್ರೆಸ್ಲರನಿಗೆ ಬೇಕಿದ್ದ ಪದಕ

ನನ್ನ ನೆರೆಮನೆಯ ಆರ್ವಿಲ್ ಟ್ರೆಸ್ಲರ್ ಕುರ್ಚಿಯಲ್ಲಿ ನೆಟ್ಟಗೆ ಕುಳಿತದ್ದನ್ನು ನಾನು ಕಂಡವನಲ್ಲ. ಕಾಫಿ ಕೊಟ್ಟರೆ ಲೋಟ ಹಿಡಿದುಕೊಂಡೇ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಅಲೆಯುತ್ತಿದ್ದ. ಸೂ ಸಿಟಿಯ ರೈಲ್ವೆ ನೌಕರಿಯಿಂದ ನಿವೃತ್ತನಾದ ಮೇಲಂತೂ ಕಾಲಿಗೆ ಚಕ್ರ ಕಟ್ಟಿಕೊಂಡವನಂತೆ, ಬೇಸಿಗೆಯಲ್ಲೂ ಬಿಡದ ಕಂದು ಕೋಟು ತೊಟ್ಟು, ಊರೂರಿನ ನಾಣ್ಯಮೇಳಗಳನ್ನು ಸುತ್ತಿದ.

ಹಿಂದೆ ಅಮೆರಿಕದ ಅಧ್ಯಕ್ಷರು ತಮ್ಮ ಮುಖಮುದ್ರೆ ಒತ್ತಿಸಿ ಮೂಲನಿವಾಸಿ ನಾಯಕರ ಕೊರಳಿಗೆ ಹಾಕಿಸುತ್ತಿದ್ದ ಬೆಳ್ಳಿ ಪದಕಗಳೇ ಅವನ ವ್ಯಸನ. ಪಿತ್ರಾರ್ಜಿತ ಹೊಲ ಮಾರಿ ಐದನ್ನು ಕೂಡಿಸಿದ್ದ. ಅಧ್ಯಕ್ಷ ಫಿಲ್‌ಮೋರನ ಪದಕವೊಂದಕ್ಕಾಗಿ ಹನ್ನೆರಡು ವರ್ಷ ಚಡಪಡಿಸಿದ್ದ. “ನನ್ನ ಮುಖಾನ ಒಂದು ದಿನವಾದ್ರೂ ಹೀಗೆ ಭೂತಗನ್ನಡಿ ಹಿಡಿದು ನೋಡಿದ್ದೀರೇನ್ರೀ?” ಎಂದು ಹೆಂಡತಿ ಮಾರ್ತಾ ಚುಚ್ಚಿದರೂ ಅವನಿಗೆ ನಾಟುತ್ತಿರಲಿಲ್ಲ. ಬೆಳ್ಳಿಯ ಮೇಲೆ ಕಾಲ ಹಚ್ಚಿದ ಕಪ್ಪನ್ನು ತಿಕ್ಕಿ ತೆಗೆಯುವವರು ಮಾತ್ರ ಅವನ ಪಾಲಿಗೆ ಕೊಲೆಗಡುಕರು.

ಕಡೆಗೆ ಆ ಪದಕ ಮೇಸಿ ಎಂಬ ಊರಿನಲ್ಲಿ, ಮೂಲನಿವಾಸಿಗಳ ಓಮಾಹಾ ಕುಲದ ಯೂನಿಸ್ ವುಲ್ಫ್ ಎಂಬ ವೃದ್ಧೆಯ ಬಳಿ ಸಿಕ್ಕಿತು. ಅವನ ಪತ್ರಗಳಿಗೆ ಸೋತು ಆಕೆ ಕೊಡಲೊಪ್ಪಿದ್ದಳು. ನಾನೂ ಜೊತೆಗೆ ಹೋದೆ. ಕರಿದ ರೊಟ್ಟಿ ಬಡಿಸಿ, ಪದಕಕ್ಕೆ ಸುತ್ತಿದ್ದ ಕೆಂಪು ಬಟ್ಟೆ ಬಿಚ್ಚಿದಳು. ಫಿಲ್‌ಮೋರ್ ಹೊಸ ಚಮಚದಂತೆ ಫಳಫಳ ಹೊಳೆದ.

“ನೀವು ಬರ್ತೀರಂತ ಬೆಳಿಗ್ಗೆಯಿಂದ ಹಲ್ಲುಪುಡಿ ಹಾಕಿ ಉಜ್ಜಿದೀನಿ.”

ಟ್ರೆಸ್ಲರನ ಮುಖ ಬಿಳಿಚಿಕೊಂಡಿತು. “ಅಯ್ಯೋ, ಏನು ಮಾಡಿಬಿಟ್ರಿ ತಾಯಿ! ನೂರೈವತ್ತು ವರ್ಷ ತೊಳೆದು ಹಾಕಿದ್ರಲ್ಲ!”

“ನಮ್ಮಜ್ಜ ಕುಲದ ಹಬ್ಬದ ಪ್ರತಿ ಕುಣಿತಕ್ಕೂ ಮುಂಚೆ ಉಜ್ಜಿಯೇ ಹಾಕ್ಕೊಳ್ತಿದ್ದ. ಕೊಳೆ ಬಿದ್ದದ್ದನ್ನ ಅತಿಥಿ ಕೈಗೆ ಕೊಡೋದಾ?”

ಅವನು ಬೇಡವೆಂದು ಎದ್ದೇಬಿಟ್ಟ. ನನಗೆ ನಾಚಿಕೆಯಾಯಿತು, ತಟ್ಟೆಯ ರೊಟ್ಟಿ ಹಾಗೇ ಉಳಿಯಿತು.

ಮೂರು ದಿನ ತಳಮಳಿಸಿ, ನಾಲ್ಕನೆಯ ದಿನ ನನ್ನನ್ನೂ ಎಳೆದುಕೊಂಡು ಮತ್ತೆ ಮೇಸಿಗೆ ಓಡಿದ. ಯೂನಿಸ್ ಬಾಗಿಲಲ್ಲೇ ನಿಂತು ನಕ್ಕಳು. “ತಮ್ಮನ ಮಗನಿಗೆ ಕೊಟ್ಟೆ, ಟ್ರೆಸ್ಲರ್ ಅವರೇ. ನಾಡಿದ್ದು ಕುಣಿತಕ್ಕೆ ಹಾಕ್ಕೊಳ್ತಾನೆ. ಬನ್ನಿ, ದೂರದಿಂದ ನೋಡಿ.”

ಅವನ ಮೇಲೆ ಸಿಟ್ಟಿದ್ದರೂ ಆಗ ನನ್ನ ಕರುಳು ಚುರುಕ್ಕೆಂದಿತು. ಸಂಗ್ರಾಹಕರ ಜಾತಿಯೇ ಹೀಗೇನೋ: ಪರರ ಬಾಳು ಬಿಟ್ಟುಹೋದ ಕಲೆಯನ್ನು ಕಣ್ಣಿಗೊತ್ತಿಕೊಳ್ಳುತ್ತಾರೆ, ಆ ಬಾಳು ಇನ್ನೂ ನಡೆಯುತ್ತಿದೆ ಎಂಬುದನ್ನು ಮಾತ್ರ ಸಹಿಸಲಾರರು.