ಹೊಗೆ ಹೋಗುವ ದಾರಿ

"ಒಂದೆಳೆ ಹೊಗೆ ಒಳಗೆ ಬಂದ್ರೆ ಕೇಳಿ ಸಾರ್," ಎನ್ನುತ್ತ ಅಂಗಡಿಯವನು ಒಲೆಯ ಗಾಜಿನ ಬಾಗಿಲನ್ನು ತೆರೆದು, ಮುಚ್ಚಿ, ಮತ್ತೆ ತೆರೆದು ತೋರಿಸಿದ. ದಯಾನಂದ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ಮಕ್ಕಳ ಹಾಗೆ ಕಣ್ಣರಳಿಸಿ ನೋಡುತ್ತಿದ್ದ.

ಎರಕದ ಕಬ್ಬಿಣದ ಒಲೆ. ಪುಟ್ಟ ಬೀರುವೊಂದಕ್ಕೆ ಗಿಡ್ಡ ಕಾಲುಗಳನ್ನು ಕೊಟ್ಟಂತಿತ್ತು. ಬೆನ್ನಿನಿಂದ ಹೊರಟ ಕರಿಯ ಕೊಳವೆ ನೆಟ್ಟಗೆ ಮೇಲೇರಿ ಗೋಡೆಯೊಳಗೆ ಮಾಯವಾಗುತ್ತಿತ್ತು. ಅತ್ತಿಗುಂಡಿಯ ತಮ್ಮ ತೋಟದ ನೆತ್ತಿಯಲ್ಲಿ ದಯಾನಂದ ಹೊಸದಾಗಿ ಕಟ್ಟಿಸಿದ್ದ ಮರದ ಕ್ಯಾಬಿನ್ನಿಗೆ ಅವನು ಒಲೆ ಹುಡುಕುತ್ತಿದ್ದ. ಒಂದೇ ಕೋಣೆ, ಕಣಿವೆಯ ಕಡೆಗೆ ದೊಡ್ಡ ಕಿಟಕಿ. ಮಾಗಿಯಲ್ಲಿ ಆ ಎತ್ತರದ ಚಳಿಗೆ ಬಂದ ಜನ ರಾತ್ರಿ ನಡುಗಬಾರದಲ್ಲ. ಕೆಳಗಿನ ಮನೆಯಲ್ಲಿ ಹೋಂಸ್ಟೇ ಶುರುಮಾಡಿ ಕೆಲವು ವರ್ಷವಾಗಿತ್ತು. ಈ ಕ್ಯಾಬಿನ್ ಮಾತ್ರ ಅವನ ಕನಸು.

ಅವನ ಹೆಂಡತಿ ಅರುಣಾ ಹಿಂದೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಿದ್ದಳು. ತೊಡೆಯ ಮೇಲೆ ಅವಳ ಎದೆಯ ಎಕ್ಸ್‌ರೇ ಇದ್ದ ಕವರು. ಚಿಕ್ಕಮಗಳೂರಿಗೆ ಬಂದದ್ದೇ ಅದಕ್ಕೆ. ಬೆಳಿಗ್ಗೆ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು, "ಬೀಡಿ ಸೇದೋರ ಎದೆ ಹೀಗಿರುತ್ತೆ ತಾಯಿ. ಅಡಿಗೆ ಯಾವುದರಲ್ಲಿ ಮಾಡ್ತೀರ?" ಎಂದು ಕೇಳಿದ್ದರು. ಅವಳು ಬಾಯಿ ತೆರೆಯುವ ಮೊದಲೇ ದಯಾನಂದ, "ಗ್ಯಾಸ್ ಇದೆ ಡಾಕ್ಟ್ರೇ," ಎಂದುಬಿಟ್ಟಿದ್ದ. ಡಾಕ್ಟರು ತಲೆಯಾಡಿಸಿ ಎಳೆದುಕೊಳ್ಳುವ ಔಷಧಿ ಬರೆದುಕೊಟ್ಟರು.

"ಗಾಜು ಕಪ್ಪಾಗಲ್ವಾ ಮಾರಾಯ?" ದಯಾನಂದ ಕೇಳಿದ.

"ಒಣ ಸೌದೆ ಹಾಕಿದ್ರೆ ಇಲ್ಲ ಸಾರ್. ಹೊಗೆ ಪೂರ್ತಿ ಪೈಪಲ್ಲೇ ಹೋಗುತ್ತೆ."

"ಅಷ್ಟೇ ಬೇಕಾಗಿದ್ದು. ಗೆಸ್ಟ್‌ಗಳ ಕಣ್ಣು ಉರೀಬಾರ್ದು ನೋಡಿ. ಪಾಪ, ಅವ್ರಿಗೆ ಅಭ್ಯಾಸ ಇರಲ್ಲ."

ಅರುಣಾಳಿಗೆ ಸಿಟ್ಟು ಹೊಸದಲ್ಲ. ಗಂಟಲವರೆಗೆ ಬಂದು ಕೆಮ್ಮಾಗಿ ಹೊರಟುಹೋಗುವುದು ಅದರ ರೂಢಿ. ಇವತ್ತು ಕೆಮ್ಮು ಬರಲಿಲ್ಲ. ಸಿಟ್ಟು ಎದೆಯಲ್ಲೇ ಕೂತಿತು.

"ಅಡಿಗೆಮನೆಗೆ ಇಂಥದ್ದು ಬರುತ್ತಾ?" ಅವಳು ಅಂಗಡಿಯವನನ್ನು ಕೇಳಿದಳು.

"ಓ, ಬರುತ್ತೆ ಮೇಡಂ. ಅಲ್ನೋಡಿ, ಮೂಲೇಲಿ. ಮೇಲೆ ಎರಡು ಪಾತ್ರೆ ಇಡಬಹುದು. ರೊಟ್ಟಿ ಬೇಯಿಸ್ಬಹುದು. ಪೈಪ್ ಇದಕ್ಕೂ ಇದೇನೇ."

ಅವಳು ಎದ್ದುಹೋಗಿ ನೋಡಿದಳು. ಗಾಜಿಲ್ಲದ, ಮೊಂಡು ಮುಖದ ಒಲೆ. ಮೇಲ್ಮೈ ಮೇಲೆ ಅಂಗೈ ಊರಿ ಅಗಲ ನೋಡಿದಳು. ಮನೆಯ ದೊಡ್ಡ ಕಾವಲಿ ಸರಿಯಾಗಿ ಕೂರುವಷ್ಟಿತ್ತು.

ದಯಾನಂದ ನಕ್ಕ. "ಅವಳು ಸುಮ್ನೆ ಕೇಳ್ತಾಳೆ. ನೀವು ಈ ಗಾಜಿನದ್ದನ್ನೇ ಕಳಿಸಿ. ಶನಿವಾರ ಮೊದಲನೇ ಬುಕಿಂಗು."

ಜೀಪು ಕೈಮರ ದಾಟಿ ತಿರುವುಗಳನ್ನು ಏರತೊಡಗಿದಾಗ ಅವಳು ಕೇಳಿದಳು. "ಡಾಕ್ಟ್ರಿಗೆ ಯಾಕೆ ಸುಳ್ಳು ಹೇಳಿದ್ರಿ?"

"ಸುಳ್ಳೆಂತದು? ಗ್ಯಾಸ್ ಇಲ್ವಾ ಮನೇಲಿ?"

"ಇದೆ. ನಿಮ್ಮ ಬೆಳಗಿನ ಕಾಫಿಗೆ."

"ನೋಡು, ಆಸ್ಪತ್ರೇಲಿ ಕೂತು ನಮ್ಮನೆ ಹೆಂಗಸು ಸೌದೆ ಊದ್ತಾಳೆ ಅಂತ ಹೇಳೋಕಾಗುತ್ತಾ? ಏನಂದ್ಕೋತಾರೆ ಜನ?"

"ರಸ್ತೆ ಬದಿ ಬೋರ್ಡಲ್ಲಿ ಹಾಕ್ಸೋಕಾಗುತ್ತೆ. ಡಾಕ್ಟ್ರಿಗೆ ಹೇಳೋಕಾಗಲ್ಲ."

ಅವನು ಗೇರು ಬದಲಿಸಿದ. ತೋಟದ ಗೇಟಿನ ಹತ್ತಿರ ಆ ಬೋರ್ಡು ಎದುರಾಯಿತು. ಅರುಣಾ ಮಣ್ಣಿನ ಒಲೆಯ ಮುಂದೆ ಬಗ್ಗಿ ಊದುಗೊಳವೆಗೆ ಕೆನ್ನೆ ಉಬ್ಬಿಸಿರುವ ಚಿತ್ರ. ಕೆಳಗೆ 'ಸೌದೆ ಒಲೆಯ ಅಪ್ಪಟ ಮಲೆನಾಡು ಊಟ'. ಆ ಫೋಟೋ ತೆಗೆದ ದಿನ ಅವಳಿಗೆ ಚೆನ್ನಾಗಿ ನೆನಪಿದೆ. ಕ್ಯಾಮೆರಾದ ಹುಡುಗಿ, "ಇನ್ನೊಂಚೂರು ಹೊಗೆ ಬರ್ಲಿ ಆಂಟಿ, ಫೀಲ್ ಚೆನ್ನಾಗಿರುತ್ತೆ," ಎಂದಿದ್ದಳು. ದಯಾನಂದ ಕೊಟ್ಟಿಗೆಗೆ ಓಡಿಹೋಗಿ ಹಸಿ ಸಿಲ್ವರ್ ಓಕ್ ಕಡ್ಡಿ ತಂದು ಒಲೆಗೆ ತುರುಕಿದ್ದ. ಅವಳು ನಗುತ್ತಲೇ ಊದಿದ್ದಳು. ಆವತ್ತಿನ ಆ ನಗುವೇ ಈಗ ಅವಳ ಮೈ ಉರಿಸಿತು.

"ಅಡಿಗೆಮನೆ ಸೂರು ಹೊಸದು ಹಾಕಿಸುವಾಗ ಚಿಮಣಿ ಮಾಡ್ಸಿ ಅಂತ ಕೇಳಿದ್ದೆ," ಎಂದಳು. "ಹೊಗೆ ಇಲ್ದಿದ್ರೆ ಜಂತೆಗೆ ಹುಳ ಹತ್ತುತ್ತೆ ಅಂದ್ರಿ. ಜಂತೆಗೆ ಹತ್ತೋ ಹುಳಾನ ನನ್ನೆದೆಗೆ ಹತ್ತಿಸಿದ್ರಿ."

"ಅಮ್ಮ ಜೀವಮಾನವೆಲ್ಲ ಅದೇ ಒಲೇಲಿ ಮಾಡಿಲ್ವಾ? ಅವ್ರಿಗೇನಾಯ್ತು?"

ಜೀಪು ಅಂಗಳದಲ್ಲಿ ನಿಂತದ್ದೇ ಅರುಣಾ ಇಳಿದು ಬಾಗಿಲನ್ನು ಬಡಿದು ಹಾಕಿದಳು. ಆ ಸದ್ದಿಗೆ ಅಂಗಳದ ನಾಯಿ ಎದ್ದು ಕೂತಿತು.

ಮರುದಿನ ದಯಾನಂದ ತೋಟದ ಮೇಲಿನ ಬ್ಲಾಕಿಗೆ ಹೋದದ್ದೇ ತಡ, ಅವಳು ಅಂಗಡಿಗೆ ಫೋನು ಮಾಡಿದಳು. "ಅತ್ತಿಗುಂಡಿಗೆ ಗಾಜಿನದ್ದು ಬೇಡ. ಮೂಲೇಲಿತ್ತಲ್ಲ, ಅಡಿಗೆಮನೇದು, ಅದನ್ನ ಕಳಿಸಿ."

ಆ ಕಡೆಯವನು ದನಿ ತಗ್ಗಿಸಿದ. "ಸಾರ್‌ಗೆ ಹೇಳಿದೀರಾ ಮೇಡಂ?"

"ಸಾರ್ ಅಡಿಗೆ ಮಾಡಲ್ಲ," ಎಂದು ಅರುಣಾ ಫೋನಿಟ್ಟಳು.

ಒಲೆ ಬಂದ ದಿನ ದಯಾನಂದ ಜಾವಳಿಯಲ್ಲಿ ನೆಂಟರ ಗೃಹಪ್ರವೇಶಕ್ಕೆ ಹೋಗಿದ್ದ. ನೆಗಡಿಯೆಂದು ಅವಳು ಉಳಿದುಕೊಂಡಿದ್ದಳು. ಪಿಕಪ್ಪಿನಲ್ಲಿ ಒಲೆಯ ಜೊತೆ ಜೋಡಿಸುವ ರವಿಯೂ, ಅವನ ಜೊತೆ ಇಬ್ಬರು ಆಳುಗಳೂ ಬಂದರು.

"ಕ್ಯಾಬಿನ್‌ಗೆ ದಾರಿ ಯಾವ ಕಡೆ ಅಕ್ಕ? ಗಾಡಿ ಹತ್ತುತ್ತಾ?" ರವಿ ಕೇಳಿದ.

"ಹತ್ತೋದು ಬೇಡ. ಇಲ್ಲೇ ಇಳಿಸಿ. ಅಡಿಗೆಮನೆಗೆ."

ರವಿ ಅವಳನ್ನೂ ಮನೆಯನ್ನೂ ನೋಡಿದ. "ದಯಣ್ಣ ಮೇಲೆ ಅಂದಿದ್ರಲ್ಲ. ಆಮೇಲೆ ನಂಗೆ ಬೈತಾರೆ ಅಕ್ಕ."

"ನಂಗೆ ಬೈದ ಮೇಲೆ ನಿಂಗೆ ಬೈಯೋಕೆ ಅವ್ರ ಹತ್ರ ಏನೂ ಉಳಿದಿರಲ್ಲ. ಇಳಿಸು."

ಅಡಿಗೆಮನೆ ಹಗಲಿನಲ್ಲೂ ಕತ್ತಲೆ. ಗೋಡೆಗೆ ಮಸಿ, ಜಂತೆಯಿಂದ ಜೋತುಬಿದ್ದ ಇಲ್ಲಣ. ನಡುವೆ ಮೂರು ಬಾಯಿಯ ಮಣ್ಣಿನ ಒಲೆ ಹಂದಿ ಮಲಗಿದ ಹಾಗೆ ಬಿದ್ದುಕೊಂಡಿತ್ತು. ಅದರ ಪಕ್ಕದ ಮಣೆಯ ಮೇಲೆ ದಯಾನಂದನ ತಾಯಿ ಪಾಪಮ್ಮ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದರು. ಅವರಿಗೆ ಈಗ ಬೆಳಕು ನೆರಳು ಬಿಟ್ಟು ಹೆಚ್ಚೇನೂ ಕಾಣುತ್ತಿರಲಿಲ್ಲ. ಅರುಣಾ ಕೊಟ್ಟಿಗೆಯಿಂದ ಹಾರೆ ತಂದು ನೆಲಕ್ಕೆ ಊರಿದ ಸದ್ದಿಗೆ ಅವರು ತಲೆಯೆತ್ತಿದರು.

"ಎಂತದೇ ಅದು?"

"ಹಾರೆ. ಒಲೆ ಒಡೀಬೇಕು ಅತ್ತೆ. ಹೊಸದು ಬಂದಿದೆ."

"ಥೂ, ಬಿಡ್ತು ಅನ್ನು. ಉರಿಯೋ ಒಲೆ ಯಾರಾದ್ರೂ ಒಡೀತಾರಾ? ಈ ಮನೆ ಅನ್ನ ಬೆಂದಿದ್ದು ಅದ್ರಲ್ಲಿ."

"ಬೆಂದಿದ್ದು ಅನ್ನ ಒಂದೇ ಅಲ್ಲ."

"ನಾನು ಊದಿಲ್ವಾ? ನಮ್ಮತ್ತೆ ಊದಿಲ್ವಾ?"

"ಹಾಗಾದ್ರೆ ಬನ್ನಿ, ಇವತ್ತೂ ನೀವೇ ಊದಿ!" ಅರುಣಾಳ ದನಿ ಅವಳಿಗೇ ಗುರುತು ಸಿಗದಷ್ಟು ಗಟ್ಟಿಯಾಗಿತ್ತು. "ಊದಿ, ನೋಡ್ತೀನಿ. ಕಣ್ಣು ಕಾಣಲ್ಲ ನಿಮಗೆ. ಯಾಕೆ ಕಾಣಲ್ಲ ಅಂತ ಈ ಮನೇಲಿ ಯಾರಾದ್ರೂ ಕೇಳಿದ್ರಾ? ವಯಸ್ಸಾಯ್ತು ಅಂದ್ರು. ನಂಗೂ ಅದನ್ನೇ ಅಂತಾರೆ. ಸತ್ತ ಮೇಲೂ ಅದನ್ನೇ ಅಂತಾರೆ!"

ಬಾಗಿಲಲ್ಲಿ ನಿಂತಿದ್ದ ರವಿ ಮೆಲ್ಲಗೆ ಹಿಂದೆ ಸರಿದ. ಪಾಪಮ್ಮ ಬೆಳ್ಳುಳ್ಳಿಯ ತಟ್ಟೆಯನ್ನು ತಡವಿ ಪಕ್ಕಕ್ಕಿಟ್ಟರು. ಅವರು ಅಳಬಹುದು, ಶಾಪ ಹಾಕಬಹುದು ಎಂದು ಅರುಣಾ ಕಾದಳು. ಎರಡಕ್ಕೂ ಅವಳು ತಯಾರಾಗಿದ್ದಳು.

"ಒಡೆಯೋ ಮುಂಚೆ ಒಂದು ದೀಪ ಹಚ್ಚಿಡು," ಎಂದರು ಪಾಪಮ್ಮ. ಗೋಡೆ ಹಿಡಿದು ಎದ್ದು ಹೊರಗೆ ಹೋದರು.

ಅರುಣಾ ಹಲ್ಲು ಕಚ್ಚಿಕೊಂಡೇ ದೀಪ ಹಚ್ಚಿ ಒಲೆಯ ಕಟ್ಟೆಯ ಮೇಲಿಟ್ಟಳು. ಬತ್ತಿ ತಾನಾಗಿ ಆರುವವರೆಗೂ ಕಾಯುವ ತಾಳ್ಮೆ ಅವಳಿಗಿರಲಿಲ್ಲ. ದೀಪವನ್ನು ಗೂಡಿಗೆ ಎತ್ತಿಟ್ಟು ಹಾರೆ ಎತ್ತಿದಳು. ಮೊದಲ ಏಟಿಗೆ ಒಲೆ ಜಗ್ಗಲಿಲ್ಲ. ಎರಡನೆಯದಕ್ಕೆ ಮೈಯಲ್ಲಿ ಬಿರುಕು ಬಿಟ್ಟಿತು. ಆಳುಗಳು, "ಕೊಡಿ ಅಮ್ಮ, ನಾವು ಮಾಡ್ತೀವಿ," ಎಂದು ಮುಂದೆ ಬಂದರು. ಅವಳು ಕೊಡಲಿಲ್ಲ. ಏದುಸಿರು ಬಿಡುತ್ತ, ಕೆಮ್ಮುತ್ತ, ನಡುನಡುವೆ ಗೋಡೆಗೊರಗಿ ಸುಧಾರಿಸಿಕೊಳ್ಳುತ್ತ ಮೂರು ಬಾಯಿಗಳನ್ನೂ ತಾನೇ ಒಡೆದಳು. ಒಡೆದ ಹೆಂಟೆಗಳ ಒಳಗಿನ ಮಣ್ಣು ಇಟ್ಟಿಗೆಯ ಹಾಗೆ ಕೆಂಪಾಗಿತ್ತು.

ರವಿ ಗೋಡೆಗೆ ತೂತು ಕೊರೆದ. ಹೊರಗಿನ ಬೆಳಕು ದುಂಡಗೆ ಒಳಗೆ ಬಿತ್ತು.

ಹೊತ್ತು ಮುಳುಗುವ ಮುಂಚೆ ದಯಾನಂದ ಬಂದ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹಳೆಯ ಒಲೆಯ ಮಣ್ಣು ರಾಶಿಬಿದ್ದಿತ್ತು. ಅವನು ಅದನ್ನು ದಾಟಿ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತ. ಹೊಸ ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು.

"ಇದೆಂತ ಅರುಣಾ?"

"ಒಲೆ."

"ಕಾಣುತ್ತೆ! ಇದಲ್ಲ ನಾನು ಹೇಳಿದ್ದು. ಇಲ್ಲಿಗಲ್ಲ ಹೇಳಿದ್ದು. ಶನಿವಾರ ಜನ ಬರ್ತಾರೆ, ಮೇಲೆ ಚಳಿ. ಅವ್ರಿಗೆ ಏನು ಹೇಳ್ಲಿ ನಾನು?"

"ಕಂಬಳಿ ಕೊಡಿ. ನಾನು ಮದುವೆಯಾಗಿ ಬಂದಾಗ ನಂಗೂ ಕಂಬಳೀನೇ ಕೊಟ್ಟಿದ್ರಿ."

"ಮತ್ತೆ ಆ ಬೋರ್ಡು? ಮಣ್ಣಿನ ಒಲೆ ನೋಡೋಕೆ ಅಂತ್ಲೇ ಬರ್ತಾರೆ. ಇದರ ಮುಂದೆ ಯಾರು ಫೋಟೋ ತೆಗೀತಾರೆ?"

"ಬೋರ್ಡನ್ನ ನಾಳೆ ನೀವು ಇಳಿಸ್ತೀರೋ, ನಾನು ಇಳಿಸ್ಲೋ? ಹಾರೆ ಇನ್ನೂ ಹೊರಗೇ ಇದೆ."

ದಯಾನಂದನ ಮುಖ ಕೆಂಪೇರಿತು. ಅವನು ಕೂಗಿದ. ನೆಂಟರ ಮನೆಯಲ್ಲಿ ತನ್ನ ಮಾತಿಗೆ ಎಷ್ಟು ಬೆಲೆ, ಇಲ್ಲಿ ಎಷ್ಟು ಬೆಲೆ ಎಂದ. ರವಿಯ ಕಾಲು ಮುರಿಯುತ್ತೇನೆ ಎಂದ. ನಾಳೆ ಬೆಳಿಗ್ಗೆ ಆಳು ಕರೆಸಿ ಇದನ್ನು ಕಿತ್ತು ಮೇಲೆ ಸಾಗಿಸುತ್ತೇನೆ ಎಂದ. ಅರುಣಾ ಎಲ್ಲ ಮುಗಿಯಲಿ ಎಂದು ಸೌಟು ಹಿಡಿದುಕೊಂಡೇ ನಿಂತಿದ್ದಳು.

"ಕೀಳಿ," ಎಂದಳು. "ಆದ್ರೆ ಮಣ್ಣಿನ ಒಲೆ ನಾನು ಮತ್ತೆ ಕಟ್ಟಲ್ಲ. ಗೆಸ್ಟು ಬಂದ್ರೆ ನೀವೇ ಊದಿ ಬಡಿಸಿ. ಫೋಟೋನೂ ನಿಮ್ಮದೇ ಹಾಕ್ಸಿ."

ಅವನು ಊಟಕ್ಕೆ ಕೂರಲಿಲ್ಲ. ಅವಳೂ ಕರೆಯಲಿಲ್ಲ. ಅತ್ತೆಗೆ ಬಡಿಸಿ ತಾನು ಹೊಟ್ಟೆ ತುಂಬ ಉಂಡಳು.

ಬೆಳಿಗ್ಗೆ ಅವಳು ಒಲೆ ಹೊತ್ತಿಸಿ ಕಾವಲಿ ಇಟ್ಟು ಅಕ್ಕಿರೊಟ್ಟಿ ತಟ್ಟುತ್ತಿದ್ದಳು. ದಯಾನಂದ ಜಗಲಿಯಲ್ಲಿ ಫೋನು ಹಿಡಿದು ಕೂತಿದ್ದ; ಆಳುಗಳನ್ನು ಕರೆಸುತ್ತಿದ್ದಾನೋ, ಅಂಗಡಿಗೆ ಬೈಯುತ್ತಿದ್ದಾನೋ ಅವಳಿಗೆ ತಿಳಿಯಲಿಲ್ಲ. ತಿಳಿಯುವ ಮನಸ್ಸೂ ಇರಲಿಲ್ಲ. ಅವನು ಒಳಗೆ ಬಂದರೆ ಹೇಳಬೇಕಾದ ಇನ್ನೊಂದಷ್ಟು ಮಾತು ಅವಳ ನಾಲಗೆಯ ತುದಿಯಲ್ಲೇ ಇತ್ತು.

ಬಂದದ್ದು ಪಾಪಮ್ಮ. ಗೋಡೆ ಹಿಡಿದುಕೊಂಡು ಬಂದು, ಮಣೆಯನ್ನು ಕಾಲಿನಲ್ಲೇ ತಡವಿ ಹುಡುಕಿ ಕೂತರು. ಸ್ವಲ್ಪ ಹೊತ್ತಾದ ಮೇಲೆ, "ಇನ್ನೂ ಒಲೆ ಹಚ್ಚಿಲ್ವೇನೇ?" ಎಂದರು.

"ಹಚ್ಚಿ ಎಷ್ಟೊತ್ತಾಯ್ತು ಅತ್ತೆ."

ಪಾಪಮ್ಮ ಮುಖವನ್ನು ಅತ್ತ ಇತ್ತ ತಿರುಗಿಸಿದರು. ಮೂಗಿನಿಂದ ಮೆಲ್ಲಗೆ ಗಾಳಿ ಎಳೆದರು. "ಸುಳ್ಳು ಹೇಳ್ಬೇಡ. ಉರಿಯೋ ಒಲೆ ನಂಗೆ ಗೊತ್ತಾಗಲ್ವಾ?"

ಅರುಣಾ ಹಿಟ್ಟಿನ ಕೈಯಲ್ಲೇ ಅವರ ಮಣಿಕಟ್ಟು ಹಿಡಿದು ಒಲೆಯ ಹತ್ತಿರಕ್ಕೆ ಒಯ್ದಳು. ಕಾವು ತಾಗಿದ್ದೇ ಮುದುಕಿಯ ಬೆರಳುಗಳು ಮುದುಡಿಕೊಂಡವು. ಆಮೇಲೆ ಒಂದೊಂದಾಗಿ ಬಿಚ್ಚಿಕೊಂಡು ಹಾಗೇ ನಿಂತವು. ಹೊಗೆಗೆ ಬರುವ ಕಣ್ಣೀರನ್ನು ಒರೆಸಿಕೊಳ್ಳಲೆಂದು ಪಾಪಮ್ಮ ಅಭ್ಯಾಸದಿಂದ ಎತ್ತಿದ ಸೆರಗಿನ ತುದಿ ಇನ್ನೊಂದು ಕೈಯಲ್ಲಿ ಹಾಗೆಯೇ ಉಳಿಯಿತು.