ಲಾಯರಮ್ಮನ ನೆನಪಿನ ಹಾಳೆ

ಅಂಗಿಯ ಗುಂಡಿ ಒಂದು ಕಾಜ ತಪ್ಪಿದೆ, ಕಾಲರು ಒಂದು ಕಡೆ ಗಲ್ಲ ಮುಟ್ಟುತ್ತಿದೆ, ಇನ್ನೊಂದು ಕಡೆ ಹೆಗಲ ಮೇಲೆ ಮಲಗಿದೆ, ಮಗಳನ್ನು ಕೇಳಿಕೊಂಡು ಬಂದ ಇವನಿಗೆ ಯಾರಾದರೂ ಹೇಳಬಾರದೆ — ನಾನು ಹೇಳುವ ಹಾಗಿಲ್ಲ, ಮಗುವನ್ನು ಒಪ್ಪಿಸುವ ಕಾಗದಕ್ಕೆ ನಾನು ಎರಡನೆಯ ಸಾಕ್ಷಿ, ಎರಡನೆಯ ಸಾಕ್ಷಿಗೆ ಬಾಯಿಲ್ಲ, ಕುರ್ಚಿ ಮಾತ್ರ, ಅದೂ ಒಂದನೇ ತರಗತಿಯ ಕುರ್ಚಿ, ಕೂತರೆ ಮೊಣಕಾಲು ಎದೆಗೆ ಬರುತ್ತದೆ. ರೋಡ್ ರೋಲರ್ ಓಡಿಸುತ್ತಾನಂತೆ. ಅಷ್ಟು ಭಾರದ ಗಾಡಿ ಓಡಿಸುವವನು ಮಕ್ಕಳ ಬೆಂಚು ಮುರಿದೀತೆಂದು ಉಸಿರು ಹಿಡಿದು ತುದಿಯಲ್ಲಿ ಕೂತಿದ್ದಾನೆ. ಹೊರಗಡೆ ಫೋಟೋ ನೋಡಿದೆ ಸಾರ್, ಏಳನೇ ನಂಬರು ನನ್ನ ಮಗಳೇ. ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ತೆಗೆದರು, ಎಲ್ಲರೂ ಹಾಗೇ ಅಂತಾರಪ್ಪ, ಹೋದ ವಾರ ಒಂದು ಮಗುವಿಗೆ ಇಬ್ಬರು ಚಿಕ್ಕಪ್ಪಂದಿರು ಬಂದಿದ್ರು, ಒಬ್ಬರಿಗೊಬ್ಬರ ಪರಿಚಯವೇ ಇರಲಿಲ್ಲ. ಮಗಳ ಹೆಸರು? ಮನೇಲಿ ಪುಟ್ಟಿ ಅಂತೀವಿ ಸಾರ್. ಪಾಪ, ಇಲ್ಲಿ ಪುಟ್ಟಿಯರೇ ಆರು ಜನ ಇದ್ದರು. ಹೊಳೆ ಉಕ್ಕಿ ನಲವತ್ತೊಂದು ದಿನ, ಈ ಶಾಲೆ ಮನೆಯವರಿಂದ ತಪ್ಪಿಹೋದ ಮಕ್ಕಳ ಶಿಬಿರವಾಗಿ ನಲವತ್ತು, ದೋಣಿಯಲ್ಲಿ ಜಾಗ ಇಲ್ಲ, ಮಕ್ಕಳನ್ನ ಮೊದಲು ಕೊಡಿ ಅಂತ ಕೈಯಿಂದ ಕೈಗೆ ದಾಟಿಸಿದವರು, ತಾಯಂದಿರು ಹಿಂದಿನ ದೋಣಿಗೆ, ಹಿಂದಿನ ದೋಣಿ ಇನ್ನೊಂದು ದಡಕ್ಕೆ. ಮೂವತ್ತೊಂದು ಮಕ್ಕಳಿದ್ದರು, ಮನೆಯವರು ಬಂದು ಕರೆದೊಯ್ದು ಈಗ ನಾಲ್ಕು. ನಾಳೆ ಬೆಳಗ್ಗೆ ವ್ಯಾನು ಬಂದು ಆ ನಾಲ್ವರನ್ನೂ ದೂರದ ದೊಡ್ಡ ಮಕ್ಕಳ ಮನೆಗೆ ಒಯ್ಯುತ್ತದೆ. ಏಳನೇ ನಂಬರು ನಮ್ಮ ಲಾಯರಮ್ಮ, ನಾಲ್ಕು ವರ್ಷ, ಅಪ್ಪನ ಹೆಸರೇನು ಅಂದರೆ ಅಪ್ಪ, ಊರು ಯಾವುದು ಅಂದರೆ ನಮ್ಮೂರು, ತಪ್ಪೇನಿದೆ ಅದರಲ್ಲಿ, ಎರಡು ಬಿಸ್ಕತ್ತು ಕೊಟ್ಟರೆ ಒಂದು ಕೈಗೆ ಇನ್ನೊಂದು ಇನ್ನೊಂದು ಕೈಗೆ, ಬಾಯಿಗೆ ಯಾವುದು ಅಂತ ಕೇಳಿದ್ದಳು, ಅಡುಗೆ ಅಕ್ಕ ನಕ್ಕು ನಕ್ಕು ಸೌಟು ಕೆಳಗಿಟ್ಟು, ಇವಳಿಗೆ ಕರಿ ಕೋಟು ಹೊಲಿಸಿಬಿಡಿ ಮೇಷ್ಟ್ರೇ ಅಂದಿದ್ದಳು, ಅವತ್ತಿನಿಂದ ಲಾಯರಮ್ಮ.

ನೆನಪಿನ ಹಾಳೆ ಅಂತ ಒಂದಿದೆ, ಮೇಷ್ಟ್ರ ಮುಂದಿದೆ, ಮಗು ತನ್ನ ಮನೆಯ ಬಗ್ಗೆ ಏನು ಹೇಳಿದರೂ ಅದರಲ್ಲಿ ದುಂಡಗೆ ಬರೆಯುತ್ತಾರೆ, ಮಗುವನ್ನು ನೋಡಿಕೊಳ್ಳುವ ನಮ್ಮಂಥವರು ಅದನ್ನು ಓದಬಾರದು, ಓದಿದರೆ ಗೊತ್ತಿಲ್ಲದೆ ಮಗುವಿನ ಬಾಯಿಗೆ ಮಾತು ತುರುಕುತ್ತೇವಂತೆ. ನಾವು ಕಣ್ಣಾರೆ ಕಂಡದ್ದನ್ನು ಮಾತ್ರ ಬಂದು ಹೇಳಬೇಕು, ಹೇಗೆ ಉಣ್ಣುತ್ತದೆ, ಹೇಗೆ ಮಲಗುತ್ತದೆ, ಯಾವುದಕ್ಕೆ ಹೆದರುತ್ತದೆ. ಹಾಳೆಯ ಮೂರು ಪ್ರಶ್ನೆ ತಪ್ಪಿದರೆ ಬಂದವರು ವಾಪಸು, ಮಗುವಿನ ಮುಖವನ್ನೂ ತೋರಿಸುವಂತಿಲ್ಲ. ನಿಮ್ಮನೆ ಬಾಗಿಲು ಹೇಗಿದೆಯಪ್ಪ. ಬಾಗಿಲ ಥರಾನೇ ಇತ್ತು ಸಾರ್. ಅಲ್ಲ, ತೆಗೆಯೋಕೆ ಏನಾದರೂ ವಿಶೇಷ ಮಾಡಬೇಕಾ. ಇಲ್ಲ ಸಾರ್, ತಳ್ಳಿದರೆ ಆಯ್ತು. ಮೇಷ್ಟ್ರು ಒಂದು ಗೆರೆ ಎಳೆದರು. ಕನ್ನಡಕ ಎಲ್ಲಿಡ್ತೀರಿ. ಕನ್ನಡಕ ಹಾಕಲ್ಲ ಸಾರ್. ಓದೋಕೆ? ಓದಲ್ಲ ಸಾರ್. ಇನ್ನೊಂದು ಗೆರೆ. ಸ್ನಾನ ಮಾಡುವಾಗ ಏನು ಮಾಡ್ತೀರಿ. ಇವನು ಮೇಷ್ಟ್ರ ಮುಖ ನೋಡಿದ, ನನ್ನ ಮುಖ ನೋಡಿದ, ನಾಚಿಕೊಂಡ, ನೀರು ಹಾಕ್ಕೋತೀನಿ ಸಾರ್. ಕಿಟಕಿಯಾಚೆ ಅಡುಗೆ ಅಕ್ಕ ಕಿಸಕ್ಕೆಂದಳು, ನನಗೂ ನಗು ಬಂತು, ಬಂದದ್ದು ಅರ್ಧಕ್ಕೇ ನಿಂತಿತು, ಯಾಕೆಂದರೆ ಮೂರನೆಯ ಗೆರೆ ಎಳೆದು ಮೇಷ್ಟ್ರು ಹಾಳೆಯನ್ನು ನನ್ನ ಕಡೆ ತಿರುಗಿಸಿದ್ದರು, ಇಲ್ಲೊಂದು ಸಹಿ ಹಾಕಮ್ಮ.

ಬಾಗಿಲು ಹಿಡಿದುಕೊಳ್ಳುತ್ತದೆ, ಕೆಳಗೆ ಒಂದು ಒದೆ ಕೊಡಬೇಕು. ಕನ್ನಡಕವನ್ನು ಫ್ರಿಜ್ಜಿನಲ್ಲಿ ಮರೆಯುತ್ತಾರೆ. ಸ್ನಾನ ಮಾಡುವಾಗ ವಾರ್ತೆ ಓದುತ್ತಾರೆ, ಚೆಂಬೇ ಮೈಕು. ಮೇಷ್ಟ್ರ ದುಂಡಕ್ಷರದಲ್ಲಿ ನನ್ನ ಮನೆ. ಇಂದಿನ ಮುಖ್ಯಾಂಶಗಳು, ಸೋಪು ಮುಗಿದಿದೆ, ಟವೆಲು ಹೊರಗಡೆ ಉಳಿದಿದೆ, ಗೃಹಸಚಿವರು ಕೂಡಲೇ ಸ್ಥಳಕ್ಕೆ ಧಾವಿಸಬೇಕು ಅಂತ ನನ್ನ ಗಂಡ, ನಾನು ಅಡುಗೆಮನೆಯಿಂದ, ಗೃಹಸಚಿವರು ರಜೆಯಲ್ಲಿದ್ದಾರೆ. ಅವನು ಹೋಗಿ ಹದಿನಾಲ್ಕು ತಿಂಗಳು. ಬಸ್ ಸ್ಟಾಪಿನಲ್ಲಿ ಕುಸಿದನಂತೆ, ಕೈಯಲ್ಲಿ ಟಿಕೆಟ್ಟಿಗೆ ಸರಿಯಾದ ಚಿಲ್ಲರೆ ಇತ್ತಂತೆ. ನಾನು ಬಂದವರಿಗೆಲ್ಲ ಕಾಫಿ ಮಾಡಿಕೊಟ್ಟೆ, ಲೋಟ ತೊಳೆದೆ, ಒರೆಸಿಟ್ಟೆ, ಅಷ್ಟೇ, ಅಮ್ಮ ಅತ್ತುಬಿಡೇ ಮಗಳೇ ಅಂದರೆ ಆಮೇಲೆ ಅಂದೆ. ಯಾರಿಗೂ ಅವನ ಮಾತು ಹೇಳಿಲ್ಲ. ಲಾಯರಮ್ಮನಿಗೆ ಹೇಳಿದೆ. ಮಧ್ಯಾಹ್ನ ಊಟವಾದ ಮೇಲೆ ಚಾಪೆಯಲ್ಲಿ ಪಕ್ಕ ಮಲಗಿಸಿಕೊಂಡು, ನಿದ್ದೆ ಹತ್ತಿದೆ ಅಂದುಕೊಂಡು, ಮೆಲ್ಲಗೆ, ದಿನಕ್ಕೊಂದು, ಬಾಗಿಲು, ಕನ್ನಡಕ, ವಾರ್ತೆ. ಮಕ್ಕಳ ಮುಂದೆ ನಿಮ್ಮ ಮನೆ ಕಥೆ ಬಿಚ್ಚಬೇಡಿ, ತಮ್ಮದು ಮಾಡಿಕೊಂಡುಬಿಡುತ್ತಾರೆ, ಮೊದಲ ದಿನ ಮೇಷ್ಟ್ರು ಹೇಳಿದ್ದರು, ನಾನು ತಲೆಯಾಡಿಸಿದ್ದೆ, ಎಂ.ಎ. ಮಾಡಿದವಳ ತಲೆ, ಚೆನ್ನಾಗಿ ಆಡುತ್ತದೆ. ಕಳ್ಳಿ, ಕಣ್ಣು ಮುಚ್ಚಿ ಎಲ್ಲ ಕೇಳಿಸಿಕೊಂಡು, ಬೆಳಗ್ಗೆ ಎದ್ದು ಮೇಷ್ಟ್ರ ಮುಂದೆ ಕೂತು ಒಪ್ಪಿಸಿದ್ದಾಳೆ. ಪೆನ್ನು ನನ್ನ ಕೈಯಲ್ಲಿದೆ. ಒಂದು ಸಹಿ ಹಾಕಿದರೆ ಈ ಮನುಷ್ಯ ಎದ್ದು ಹೋಗುತ್ತಾನೆ, ನಾಳೆ ವ್ಯಾನು, ನನ್ನ ಚೀಲದಲ್ಲಿ ಒಂದು ಅರ್ಜಿ ಇದೆ, ಅರ್ಧ ತುಂಬಿದ್ದು, ಏಳನೇ ನಂಬರಿನ ಮಗುವನ್ನು ನನ್ನ ಆರೈಕೆಗೆ ಒಪ್ಪಿಸಬೇಕಾಗಿ ವಿನಂತಿ, ಕೊಟ್ಟರೂ ಕೊಟ್ಟಾರು, ಆಮೇಲೆ ಒಂದು ದಿನ ಅವಳು ನಮ್ಮನೆ ಮೆಟ್ಟಿಲು ಹತ್ತಿ ಬಂದರೆ, ಬಾಗಿಲಿಗೆ ಒದೆಯುವುದನ್ನು ಅವಳಿಗೆ ನಾನು ಹೇಳಿಕೊಡಬೇಕಾಗಿಯೇ ಇಲ್ಲ — ಇವನು ಮೇಲೇಳುತ್ತಿದ್ದಾನೆ, ಬೆಂಚಿಗೆ ನೋವಾಗದ ಹಾಗೆ, ಎರಡೂ ಕೈ ಊರಿ, ಇನ್ನೊಂದು ಸಲ ಕೇಳ್ತೀರಾ ಸಾರ್, ಬೇರೆ ಏನಾದರೂ ಕೇಳ್ತೀರಾ.

ಮೇಷ್ಟ್ರೇ, ಇದು ನಮ್ಮನೆ. ಏನಮ್ಮ? ಈ ಬಾಗಿಲು ನಮ್ಮನೆಯದು. ಫ್ರಿಜ್ಜು? ಅದೂ. ವಾರ್ತೆ ಓದೋರು? ನಮ್ಮ ಯಜಮಾನರು. ಮೇಷ್ಟ್ರು ಪೆನ್ನಿಗೆ ಮುಚ್ಚಳ ಹಾಕಿದರು, ಬೈಯುತ್ತಾರೆ, ಬೈಯಲಿ — ಬೈದರು, ಮೊದಲ ದಿನವೇ ಬಡ್ಕೊಂಡೆನಲ್ಲ ತಾಯಿ, ಇಷ್ಟು ಓದಿ ಏನು ಬಂತು, ಆಮೇಲೆ ಹಾಳೆಯನ್ನೇ ನೋಡುತ್ತಾ, ಇಷ್ಟು ದಿನ ಈ ಮಗುವಿನ ಅಪ್ಪ ಭಾರೀ ತಮಾಷೆ ಮನುಷ್ಯ ಅಂದ್ಕೊಂಡಿದ್ದೆನಲ್ಲಮ್ಮ. ಹೌದು ಮೇಷ್ಟ್ರೇ, ತಮಾಷೆ ಮನುಷ್ಯನೇ. ರೋಲರಿನವನು ಬೆವರು ಒರೆಸಿಕೊಂಡ, ಹಾಗಾದರೆ ಅದು ನಾನಲ್ಲ ಸಾರ್, ನನಗೆ ತಮಾಷೆ ಬರಲ್ಲ. ಹಾಳೆಗೆ ಅಡ್ಡಗೆರೆ ಬಿತ್ತು, ಹೊಸ ಹಾಳೆ ಬಂತು, ಹೊಸ ಪ್ರಶ್ನೆ, ಈ ಸಲ ನಾವು ಕಣ್ಣಾರೆ ಕಂಡದ್ದರ ಮೇಲೆ, ಇವನಿಗೆ ಒಂದೂ ಗೊತ್ತಿಲ್ಲ, ಬೆಳಗ್ಗೆ ನಾನು ಹೊರಡೋವಾಗ ಮಲಗಿರ್ತಾಳೆ ಸಾರ್, ಬರೋವಾಗಲೂ ಮಲಗಿರ್ತಾಳೆ, ಎಷ್ಟುದ್ದ ಅಂತ ಕೇಳಿ ಹೇಳ್ತೀನಿ, ಮಲಗಿದಾಗ ಇಷ್ಟುದ್ದ, ಅವಳಮ್ಮನ್ನ ಕೇಳ್ಲಾ? ಅವಳಮ್ಮ ಹೊಳೆಯಾಚೆಯ ಆಸ್ಪತ್ರೆಯಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದಾಳೆ, ಇವನು ಫೋನು ಮೇಜಿನ ಮೇಲಿಟ್ಟ, ಮೇಷ್ಟ್ರು ಪ್ರಶ್ನೆ ಮುಗಿಸುವ ಮೊದಲೇ ಅತ್ತ ಕಡೆಯಿಂದ ದಬದಬ ಸುರಿಯಿತು, ಎಡಗಾಲಿನ ಚಪ್ಪಲಿ ಬಲಗಾಲಿಗೆ ಹಾಕ್ತಾಳೆ ಸಾರ್, ತಿದ್ದೋಕೆ ಹೋದರೆ ನಮಗೇ ಬುದ್ಧಿ ಹೇಳ್ತಾಳೆ, ಬಲೂನ್ ಕಂಡರೆ ಮಂಚದ ಕೆಳಗೆ ತೂರ್ತಾಳೆ, ಮೇಷ್ಟ್ರು ಬರೆಯುತ್ತಾ ನನ್ನ ಕಡೆ ನೋಡಿದರು, ನಾನು ತಲೆಯಾಡಿಸಿದೆ, ಹೌದು, ಹೌದು, — ಮತ್ತೆ ಸಾರ್, ಮಲಗೋಕೆ ಅವಳಿಗೆ ಕಿವಿ ಬೇಕು. ಏನು ಬೇಕು? ಕಿವಿ ಸಾರ್, ಪಕ್ಕದಲ್ಲಿ ಮಲಗಿದವರ ಕಿವಿ, ಎರಡು ಬೆರಳಲ್ಲಿ ಹಿಡ್ಕೊಂಡು ಉಜ್ತಾ ಉಜ್ತಾ ನಿದ್ದೆ ಹೋಗ್ತಾಳೆ, ಇಷ್ಟು ದಿನ ಯಾರ ಕಿವಿ ಹಿಡ್ಕೊಂಡು ಮಲಗಿದಳೋ ನನ್ನ ಕೂಸು. ಮೇಷ್ಟ್ರು ಹಳೆಯ ಹಾಳೆ ತಿರುಗಿಸಿ ನೋಡಿದರು, ಕಿವಿ ಎಲ್ಲೂ ಇಲ್ಲವಲ್ಲ ಇದರಲ್ಲಿ. ಇಲ್ಲ. ಅದನ್ನೊಂದು ಹೇಳಿರಲಿಲ್ಲ ನಾನು. ಚುಚ್ಚುತ್ತೆ, ತೆಗಿ ಅಂತ ಅವಳೇ ಬಿಚ್ಚಿಸಿದ ಎಡಗಡೆಯ ಓಲೆ ನಲವತ್ತು ದಿನದಿಂದ ಪರ್ಸಿನಲ್ಲಿದೆ, ಕೇಳಿದವರಿಗೆಲ್ಲ ಕಳೆದುಹೋಯಿತು ಅಂದಿದ್ದೇನೆ. ನನ್ನ ಕಿವಿ ಕಣಮ್ಮ, ಅಂದೆ ಫೋನಿಗೆ, ನನ್ನ ಕಿವಿ ಹಿಡ್ಕೊಂಡು ಮಲಗಿದಳು, ಚೆನ್ನಾಗಿ ಮಲಗಿದಳು. ಅತ್ತ ಕಡೆ ಮೂಗು ಏರಿಸಿದ ಸದ್ದು ಬಂತು, ಉಗುರು ಕತ್ತರಿಸ್ತಿದ್ರಾ ಅಕ್ಕ, ಇಲ್ಲಾಂದ್ರೆ ಗೀರ್ತಾಳೆ.

ಅಡುಗೆ ಅಕ್ಕ ಕೈ ಹಿಡಿದು ಕರೆತಂದಳು, ಲಾಯರಮ್ಮ ಬಾಗಿಲಲ್ಲೇ ನಿಂತು ನೋಡಿದಳು, ಇವನು ನೆಲದ ಮೇಲೆ ಮಂಡಿಯೂರಿದ್ದ, ಮೊದಲು ಮಾತಾಡಿದವಳು ಅವಳೇ, ಐದು ನಿಮಿಷದಲ್ಲಿ ಬರ್ತಾರೆ ಅಂದಿದ್ದ ದೋಣಿ ಮಾವ, ಎಷ್ಟೊಂದು ಊಟ ಆಯ್ತು ಗೊತ್ತಾ. ತಪ್ಪಾಯ್ತು ಪುಟ್ಟಿ. ಅಮ್ಮ ಎಲ್ಲಿ. ಮಲಗಿದಾಳೆ. ಇವತ್ತು ರಜಾನಾ ಅವಳಿಗೆ. ಮೇಷ್ಟ್ರು ತಲೆ ತಗ್ಗಿಸಿ ಬರೆದಿದ್ದನ್ನೇ ಮತ್ತೆ ಬರೆಯುತ್ತಿದ್ದಾರೆ, ನಾನು ಸಹಿ ಹಾಕಿದ್ದೇನೆ, ಪೂರ್ತಿ ಹೆಸರು, ಲಾಯರಮ್ಮ ಚಪ್ಪಲಿ ಅದಲುಬದಲು ಹಾಕಿಕೊಂಡೇ ಹೊರಟಳು, ತಿದ್ದಲಿಲ್ಲ ಯಾರೂ, ನನಗೆ ಟಾಟಾ ಮಾಡಿದಳು, ಆಮೇಲೆ ಏನೋ ನೆನಪಾಗಿ ಹಿಂದೆ ಬಂದು, ಅಕ್ಕ ನೀನು ಒಳಗೆ ಹೋಗು, ಬಿಸಿಲು, ಅಂದಳು, ನಾನು ಹೋಗಲಿಲ್ಲ. ಗೇಟಿನವರೆಗೆ ನಡೆದಳು, ಗೇಟಿನಲ್ಲಿ ಕೈ ಚಾಚಿದಳು, ಇವನು ಎತ್ತಿಕೊಂಡ, ಎತ್ತಿ ಅಭ್ಯಾಸವಿಲ್ಲದವನು, ಒಂದು ಸಲ ಜಾರಿ ಸರಿಮಾಡಿಕೊಂಡ, ಅವಳ ತಲೆ ಅವನ ಹೆಗಲಿಗೆ ಬಿತ್ತು, ಕೈ ಬೆನ್ನಮೇಲೆ ಹುಡುಕಾಡಿತು, ಕತ್ತು ಹತ್ತಿತು, ಸಿಕ್ಕಿತು, ಹಿಡಿಯಿತು — ಕೆಂಪು ಧೂಳು ಕೂತ ಅವನ ದಪ್ಪ ಕಿವಿ, ಅದರ ತುದಿಯಲ್ಲಿ ಎರಡು ಬೆರಳು, ನಿನ್ನೆ ಕತ್ತರಿಸಿದ ಉಗುರು, ರಸ್ತೆ ದಾಟುತ್ತಿದ್ದಾನೆ, ಎರಡು ಬೆರಳು, ಮೆಲ್ಲಗೆ ಉಜ್ಜುತ್ತಾ, ಎರಡು ಬೆರಳು,